ಕೆರೆಯಂಗಳಕ್ಕೆ ಬಿಟ್ಟ ಕುದುರೆ

ಕುದುರೆ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದವರಿಲ್ಲ. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲಿನ ಮೇಲೆ ಕಂದು ಬಣ್ಣದ ಒಂದು ಗೆರೆ ಮೂಡುತ್ತದೆ. 10ನೇ ವರ್ಷಕ್ಕೆ ಒಸಡಿನಿಂದ ಇಣುಕಿ, 15ಕ್ಕೆ ಅರ್ಧ ಹಲ್ಲಿನವರೆಗೆ ಇಳಿದು, 20ಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೇಲಿನಿಂದ ಅಳಿಸುತ್ತಾ ಬಂದು 30ರ ಹೊತ್ತಿಗೆ ಮಾಯ. ಪಕ್ಕಾ ಲೆಕ್ಕವೇನಲ್ಲ, ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ವ್ಯಾಪಾರದ ದಿನ ಇಷ್ಟೆಲ್ಲ ನಿಗಾ ಇಡುವ ನಾವು, ಗೆರೆ ತುದಿ ಮುಟ್ಟಿದ ಮೇಲೆ ಆ ಬಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಬೇತಮಂಗಲದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ತಂದೆ ಜಟಕಾ ಓಡಿಸುತ್ತಿದ್ದವರು. ಈಗ ಮನೆಯಲ್ಲಿ ಉಳಿದಿರುವುದು ಮದುವೆ ಸಾರೋಟಿಗೆ ಕಟ್ಟುತ್ತಿದ್ದ ಒಂದು ಮುದಿ ಹೆಣ್ಣು ಕುದುರೆ. ಹುಲ್ಲು ಅಗಿದು ಉಂಡೆ ಮಾಡಿ ಉಗುಳುತ್ತದೆ, ಮುಂಗಾಲು ಊರಲು ಒದ್ದಾಡುತ್ತದೆ. ‘ಸೂಜಿ ಹಾಕಿಸಿದ್ರೆ ಪಾಪ ಸುತ್ಕೊಳ್ಳುತ್ತೆ ಅಂತಾರೆ ಅಮ್ಮ. ಕೆರೆ ಕಡೆ ಬಿಟ್ಟುಬಿಡು, ಮೇಯ್ಕೊಂಡಿರುತ್ತೆ ಅಂತಾರೆ ನೆಂಟರು. ಏನ್ ಮಾಡ್ಲಿ ಸಾರ್?’

ನೆಂಟರ ಮಾತನ್ನು ಮೊದಲು ಮುಗಿಸಿಬಿಡೋಣ. ಉಂಡೆ ಉಗುಳುವ ಕುದುರೆಗೆ ದವಡೆ ಹಲ್ಲು ಸವೆದಿದೆ ಅಥವಾ ಓರೆಯಾಗಿದೆ ಎಂದರ್ಥ. ಅದು ಮೇಯಲಾರದು. ಕಾಲು ಊರಲಾರದ್ದು ನೀರಿನವರೆಗೂ ಹೋಗಲಾರದು. ಕೆರೆಯಂಗಳದಲ್ಲಿ ಅದಕ್ಕೆ ಸಿಗುವುದು ಪ್ಲಾಸ್ಟಿಕ್ಕು, ಬೀದಿನಾಯಿಗಳು, ವಾರಗಟ್ಟಲೆಯ ಹಸಿವು. ಬಿಟ್ಟುಬಂದವರು ‘ನಾವೇನೂ ಕೊಲ್ಲಲಿಲ್ಲ’ ಎಂದುಕೊಂಡು ರಾತ್ರಿ ನಿದ್ದೆ ಮಾಡಬಹುದು. ನನ್ನ ಲೆಕ್ಕದಲ್ಲಿ ಅವರೂ ಕೊಂದವರೇ, ನಿಧಾನವಾಗಿ, ತಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಕೂಡ. ಆದರೆ ಮೊದಲ ಸಲಕ್ಕೆ ಆ ಕಾಯಿದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ! ಅದೇ ಕಾಯಿದೆಯ 13ನೇ ಸೆಕ್ಷನ್, ಬದುಕಿಸಿಡುವುದೇ ಕ್ರೌರ್ಯವಾದಾಗ ಪ್ರಾಣಿಯ ಜೀವ ತೆಗೆಸಲು ಆದೇಶಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ರಾಷ್ಟ್ರಪತಿಗಳ ಅಂಗರಕ್ಷಕ ದಳದ ಕುದುರೆ ‘ವಿರಾಟ್’ 2022ರ ಗಣರಾಜ್ಯೋತ್ಸವದ ದಿನ ನಿವೃತ್ತನಾದಾಗ ಪ್ರಧಾನಿಯೇ ಮೈದಡವಿದರು. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಬಿಸಿಲಲ್ಲಿ ನಿಂತು ಸವೆದ ಜಟಕಾ ಕುದುರೆಗಳಿಗೆ ನಿವೃತ್ತಿಯ ತಾರೀಖು ಎಂಬುದೇ ಇರಲಿಲ್ಲ. ದುಡಿಸಿಕೊಂಡು ಕೈಬಿಡುವುದು ಅಂದರೇನು ಎಂದು 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದನ್ನು ಕಂಡ ಸೀಮೆಗೆ ನಾನು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ನಾಳೆಯೇ ಸೂಜಿ ಹಾಕಿಸಿ ಎನ್ನುತ್ತಿಲ್ಲ. ವಯಸ್ಸು ಕಾಯಿಲೆಯಲ್ಲ. ಪಶುವೈದ್ಯರಿಂದ ಹಲ್ಲಿನ ಚೂಪು ಅಂಚುಗಳನ್ನು ಅರದಲ್ಲಿ ಉಜ್ಜಿಸಿ. ಒಣ ರಾಗಿ ಹುಲ್ಲು ನಿಲ್ಲಿಸಿ, ನೆನೆಸಿದ ಬೂಸಾ, ಮೆತ್ತಗೆ ಬೇಯಿಸಿ ಹಿಸುಕಿದ ಹುರುಳಿ ಕೊಟ್ಟುನೋಡಿ. ಎಷ್ಟೋ ಕುದುರೆಗಳು ಇಷ್ಟರಲ್ಲೇ ಮೈ ತುಂಬಿಕೊಂಡು ಇನ್ನೂ ಕೆಲವು ವರ್ಷ ಬಾಳುತ್ತವೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮುಂಗಾಲು. ಗೊರಸನ್ನು ಅಂಗೈಯಲ್ಲಿ ಮುಟ್ಟಿ ನೋಡಿ, ಸುಡುತ್ತದೆಯೇ? ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆಯೇ? ಹಾಗಿದ್ದರೆ ಅದು ಲ್ಯಾಮಿನೈಟಿಸ್. ಗೊರಸಿನ ಚಿಪ್ಪಿಗೂ ಒಳಗಿನ ಮೂಳೆಗೂ ಇರುವ ಬೆಸುಗೆ ಬಿಡುವ ಕಾಯಿಲೆ. ಬೇಗ ಹಿಡಿದರೆ ವಾಸಿಯಾಗುವುದುಂಟು. ಕೈಮೀರಿದರೆ ಮೂಳೆ ತಿರುಗಿ ಅಂಗಾಲನ್ನೇ ತೂತು ಮಾಡಿಕೊಂಡು ಬರುತ್ತದೆ. ನಾಲ್ಕೈದು ಕ್ವಿಂಟಲ್ ತೂಕದ ಜೀವಕ್ಕೆ ಕಾಲಿಗೆ ಬಿಡುವು ಕೊಡುವ ದಾರಿಯಿಲ್ಲ. ದಿನಗಟ್ಟಲೆ ಮಲಗಿಸಿದರೂ ಕೆಡುತ್ತದೆ, ನಿಲ್ಲಿಸಿದರೂ ಕೆಡುತ್ತದೆ. ಅಮೆರಿಕದ ರೇಸ್ ಕುದುರೆ ಬಾರ್ಬಾರೊ 2006ರ ಮೇ ತಿಂಗಳಲ್ಲಿ ಓಟದ ನಡುವೆ ಹಿಂಗಾಲು ಮುರಿದುಕೊಂಡಿತು. ದುಡ್ಡಿಗೆ ಕೊರತೆಯಿರಲಿಲ್ಲ, ಒಳ್ಳೆಯ ಆಸ್ಪತ್ರೆ, ಹೆಸರಾಂತ ಡಾಕ್ಟರು. ಮುರಿದ ಮೂಳೆ ಕೂಡುತ್ತಾ ಬಂದರೂ ಬೇರೆ ಕಾಲುಗಳಿಗೆ ಲ್ಯಾಮಿನೈಟಿಸ್ ಬಂತು. 2007ರ ಜನವರಿ 29ರಂದು ಅದನ್ನು ದಯಾಮರಣಕ್ಕೆ ಒಪ್ಪಿಸಿದರು. ಆ ಕೊನೆಯ ತಿಂಗಳುಗಳು ಕುದುರೆಗಾಗಿಯೋ ಅಭಿಮಾನಿಗಳಿಗಾಗಿಯೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಹಾಗಾಗಿ ದುಡ್ಡಿಲ್ಲ ಎಂದು ನಾಚಿಕೊಳ್ಳಬೇಡಿ. ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಲಾರಿಯಲ್ಲಿ ಸಾಗಿಸುವುದೇ ಹಿಂಸೆಯಾಗುವಂಥ ಸ್ಥಿತಿಯೂ ಇರುತ್ತದೆ.

ಇನ್ನು ನಿಮ್ಮ ತಾಯಿಯವರ ಪಾಪದ ಮಾತು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ; ನೆಂಟರ ಮಾತಿಗಿಂತ ಇದರಲ್ಲಿ ಪ್ರಾಮಾಣಿಕತೆ ಇದೆ. 1927ರಲ್ಲಿ ನಮ್ಮ ಆಗಿನ ಕೋಲಾರ ಜಿಲ್ಲೆಯ ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದುಹೋದ ಗಾಂಧೀಜಿ, ಮರುವರ್ಷ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಒಂದು ಕರುವಿಗೆ ಡಾಕ್ಟರರಿಂದ ಸೂಜಿ ಹಾಕಿಸಿ ಪ್ರಾಣ ಬಿಡಿಸಿದರು. ಅಹಿಂಸೆಯ ಮನುಷ್ಯ ಕರು ಕೊಲ್ಲಿಸಿದನೆಂದು ದೇಶದಲ್ಲಿ ಗದ್ದಲವೆದ್ದಿತು, ಬೈಗುಳದ ಕಾಗದಗಳು ಬಂದವು. ಅವರು ಬಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲೇ ಬರೆದು ಸಮರ್ಥಿಸಿಕೊಂಡರು. ಅವರು ಹಾಕಿಕೊಂಡ ಷರತ್ತುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು: ಇನ್ನು ಯಾವ ಸೇವೆಯಿಂದಲೂ ಆ ಜೀವಕ್ಕೆ ಉಪಯೋಗವಿಲ್ಲ ಎನ್ನುವಂತಿರಬೇಕು. ಅಂದರೆ ಸೇವೆ ಮಾಡಿ ನೋಡಿದವರಿಗೆ ಮಾತ್ರ ಆ ಹಕ್ಕು. ದಿನಾ ನೀರಿಟ್ಟು, ಲದ್ದಿ ಬಾಚಿ, ರಾತ್ರಿ ಎದ್ದು ನೋಡಿದವರು ಹೇಳಲಿ. ದಾರಿಯಲ್ಲಿ ಹೋಗುವವರ ಕನಿಕರಕ್ಕೂ ತಾತ್ಸಾರಕ್ಕೂ ಇಲ್ಲಿ ಬೆಲೆಯಿಲ್ಲ. ಗಾಂಧೀಜಿ ಹೇಳಿದರೆಂದು ಅಮ್ಮ ಒಪ್ಪಲೇಬೇಕೆಂದಿಲ್ಲ. ಆದರೆ ಒಂದು ಸಂಜೆ ಅವರನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಆ ಕುದುರೆ ಏಳುವುದನ್ನು ತೋರಿಸಿ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಇವತ್ತು ತಿಂದಿತೇ, ತಾನಾಗಿ ಮಲಗಿ ತಾನಾಗಿ ಎದ್ದಿತೇ, ನಿಮ್ಮ ದನಿಗೆ ಕಿವಿ ತಿರುಗಿಸಿತೇ. ಇಲ್ಲ ಎನ್ನುವ ದಿನಗಳು ಹೌದು ಎನ್ನುವ ದಿನಗಳನ್ನು ಮೀರಿದಾಗ ಡಾಕ್ಟರ ಜೊತೆ ಕುಳಿತು ದಿನ ಗೊತ್ತು ಮಾಡಿ. ಹೊಟ್ಟೆಶೂಲೆ ಬಂದು ಕರುಳು ತಿರುಚಿಕೊಂಡರೆ ಮಾತ್ರ ಇಷ್ಟು ವ್ಯವಧಾನವಿರುವುದಿಲ್ಲ. ಕುದುರೆಗೆ ವಾಂತಿ ಮಾಡಿಕೊಳ್ಳಲೂ ಆಗದು, ತೀರ್ಮಾನ ಗಂಟೆಗಳಲ್ಲಿ ಆಗಬೇಕು. ಆ ಮಾತನ್ನೂ ಮನೆಯಲ್ಲಿ ಈಗಲೇ ಆಡಿಟ್ಟುಕೊಳ್ಳಿ.

ಸೂಜಿ ಹಾಕಿಸುವ ದಿನ ಮೊದಲು ಮಂಪರಿನ ಮದ್ದು, ಆಮೇಲೆ ಕತ್ತಿನ ರಕ್ತನಾಳಕ್ಕೆ ಪೆಂಟೊಬಾರ್ಬಿಟಲ್. ನಿಂತಲ್ಲೇ ಧೊಪ್ಪನೆ ಬೀಳುತ್ತದೆ, ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು. ಜೀವ ಉಳಿದಿದೆ ಎಂದು ಗಾಬರಿಯಾಗಬೇಡಿ. ಡಾಕ್ಟರು ಕಣ್ಣುಗುಡ್ಡೆ ಮುಟ್ಟಿ, ಎದೆ ಆಲಿಸಿ ಹೇಳುತ್ತಾರೆ.

ಆ ಮದ್ದು ಹೆಣದಲ್ಲಿ ಉಳಿಯುತ್ತದೆ. ತಿಂದ ನಾಯಿ, ಹದ್ದುಗಳೂ ಸಾಯುತ್ತವೆ, ಆದ್ದರಿಂದ ಬಯಲಿಗೆ ಎಸೆಯುವ ಹಾಗಿಲ್ಲ. ಬೇತಮಂಗಲದ ಕೆರೆ ಕೆಜಿಎಫ್‌ಗೆ ನೀರು ಕುಡಿಸಿದ ಕೆರೆ, ಅದರ ಅಂಗಳದಲ್ಲೋ ಪಾಲಾರಿನ ದಂಡೆಯಲ್ಲೋ ಹೂಳುವ ಯೋಚನೆ ಬೇಡ. ಬಾವಿ, ಬೋರ್‌ವೆಲ್‌ಗಳಿಂದ ದೂರವಿರುವ ಎತ್ತರದ ಹೊಲ ನೋಡಿ. ಗುಂಡಿ ಆಳವಾಗಿರಲಿ, ಗುದ್ದಲಿಯಿಂದ ಆಗುವ ಕೆಲಸವಲ್ಲ. ಜೆಸಿಬಿಯವರಿಗೆ ಹಿಂದಿನ ದಿನವೇ ಹೇಳಿ ತೋಡಿಸಿಟ್ಟು ಆಮೇಲೆ ಡಾಕ್ಟರನ್ನು ಕರೆಸಿ.