ಎಲೆಯ ಅಚ್ಚಿಗೆ ಸಿಗದ ಹಳದಿ

ಎಲೆಗೆ ಬಣ್ಣ ಹಚ್ಚಿ ಕಾಗದದ ಮೇಲೆ ಅಚ್ಚೊತ್ತುವುದು ಹಳೆಯ ವಿದ್ಯೆ. ಜೆಲ್ ಪ್ಲೇಟ್ ಅದನ್ನು ಮನೆಯ ಮೇಜಿಗೆ ತಂದಿತು. ಜೆಲಟಿನ್‌ಗೆ ಗ್ಲಿಸರಿನ್ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳಬಹುದಾದ, ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುವ ಮೆತ್ತನೆಯ ಹಲಗೆ ಇದು. ರೋಲರಿನಿಂದ ಅಕ್ರಿಲಿಕ್ ಬಣ್ಣ ಹರಡಿ, ಎಲೆ ಇಟ್ಟು, ಮೇಲೆ ಕಾಗದ ಹಾಸಿ ಅಂಗೈಯಲ್ಲಿ ಉಜ್ಜಿದರಾಯಿತು, ಯಂತ್ರ ಬೇಡ. ಮೊದಲ ಅಚ್ಚಿನಲ್ಲಿ ಎಲೆಯಿದ್ದ ಜಾಗ ಖಾಲಿ. ಎಲೆ ತೆಗೆದು ಇನ್ನೊಂದು ಕಾಗದ ಒತ್ತಿದರೆ ಅದರಡಿ ಉಳಿದಿದ್ದ ಬಣ್ಣ ನರನರವಾಗಿ ಏಳುತ್ತದೆ. ಇದನ್ನೇ ಘೋಸ್ಟ್ ಪ್ರಿಂಟ್ ಎನ್ನುವುದು.

ಇಷ್ಟು ಸುಲಭವಾದ್ದರಿಂದಲೇ ಪದರದ ಮೇಲೆ ಪದರ ಹೇರುವ ಆಸೆ ಹುಟ್ಟುತ್ತದೆ. ನಾಲ್ಕೈದು ಸಲ ಒತ್ತಿದ ಹಾಳೆಯನ್ನು 'ಮೈವಳಿಕೆ ಶ್ರೀಮಂತವಾಗಿದೆ' ಎಂದು ಹೊಗಳುವುದು ವಾಡಿಕೆ. ಆದರೆ ಮೇಲಿನ ಪದರ ಕೆಳಗಿನದನ್ನು ಮುಚ್ಚಿಹಾಕಿದರೆ ಉಳಿಯುವುದು ಗಡಸು ಮೈ ಮಾತ್ರ, ಆಳವಲ್ಲ.

ಆಳ ಹೇಗಿರುತ್ತದೆಂದು ತಿಳಿಯಲು ಕೃಷ್ಣಾ ರೆಡ್ಡಿಯವರ ಅಚ್ಚುಗಳನ್ನು ನೋಡಬೇಕು. ಚಿತ್ತೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನ 'ಅಟೆಲಿಯೆ 17'ರಲ್ಲಿ ದುಡಿದವರು ಅವರು. ಶಾಯಿಗಳಿಗೆ ಬೇರೆಬೇರೆ ಪ್ರಮಾಣದ ಎಣ್ಣೆ ಬೆರೆಸಿದರೆ ಒಂದರ ಮೇಲೆ ಬಿದ್ದರೂ ಅವು ಕಲೆಯುವುದಿಲ್ಲ. ಏರುತಗ್ಗಾಗಿ ಕೊರೆದ ಒಂದೇ ತಗಡಿನಿಂದ, ಒಂದೇ ಒತ್ತಿನಲ್ಲಿ, ಅನೇಕ ಬಣ್ಣಗಳನ್ನು ಎತ್ತುವ ಈ ಕ್ರಮವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಅವರ 1963ರ 'ವರ್ಲ್‌ಪೂಲ್'ನಲ್ಲಿ ಯಾವ ಬಣ್ಣವೂ ಇನ್ನೊಂದನ್ನು ನುಂಗುವುದಿಲ್ಲ.

ಜೆಲ್ ಪ್ಲೇಟಿನ ಎಲೆ ಮಲೆನಾಡಿನದಾದಾಗ ಈ ಮಾತು ಇನ್ನಷ್ಟು ಬಿಗಿಯಾಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದರೆ ನಮ್ಮ ಕಣ್ಣಿಗೆ ಹಸಿರೇ ಬರುತ್ತದೆ. ಅಚ್ಚಿಗೂ ನಾವು ಚುಕ್ಕೆಯಿಲ್ಲದ, ಹರಿಯದ ಎಲೆಯನ್ನೇ ಆಯುತ್ತೇವೆ. ಈ ಮೂರೂ ತಾಲ್ಲೂಕುಗಳ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿದೆ. ಆಯ್ದ ಎಲೆಯ ಸುಂದರ ಅಚ್ಚು ಇದನ್ನೆಲ್ಲ ಮುಚ್ಚುವ ಮೇಲ್ಪದರವೇ ಆಗಿಬಿಡುತ್ತದೆ.

ಇಲ್ಲಿ ಮಾಧ್ಯಮದ ಮಿತಿಯೇ ದಾರಿಯನ್ನೂ ತೋರಿಸುತ್ತದೆ. ಚುಕ್ಕೆ ಒಣಗಿ ಹರಿದ ತೂತು ಅಚ್ಚಿಗೆ ಸಿಗುತ್ತದೆ, ಹಳದಿ ಸಿಗುವುದಿಲ್ಲ. ಅಚ್ಚು ಆಕಾರವನ್ನು ಹಿಡಿಯಬಲ್ಲದೇ ಹೊರತು ಎಲೆಯ ಬಣ್ಣವನ್ನಲ್ಲ. ಹಾಗಾಗಿ ಹಳದಿಯನ್ನು ಕಲಾವಿದರೇ ತರಬೇಕು, ಅದೂ ಮೊದಲ ಪದರವಾಗಿ. ಹಾಳೆಗೆ ತೆಳುವಾಗಿ ಹಳದಿ ಹಚ್ಚಿ, ಮಳೆಗಾಲದಲ್ಲಿ ತಡವಾದರೂ, ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಪ್ಲೇಟಿಗೆ ಹಸಿರು ಹಚ್ಚಿ, ತೂತುಬಿದ್ದ ಗರಿಯಿಟ್ಟು, ಮೊದಲ ಅಚ್ಚನ್ನು ಬೇರೆ ಕಾಗದಕ್ಕೆ ತೆಗೆಯಬೇಕು. ತೂತುಗಳಲ್ಲಿದ್ದ ಹಸಿರು ಅದಕ್ಕೇ ಅಂಟಿ ಹೋಗುತ್ತದೆ. ಗರಿ ಎತ್ತಿ ಹಳದಿ ಹಾಳೆ ಒತ್ತಿದರೆ ಹಸಿರು ನರಗಳ ನಡುವೆ, ತೂತಿದ್ದ ಕಡೆಯೆಲ್ಲ, ಹಳದಿ ಇಣುಕುತ್ತದೆ. ಎರಡೇ ಪದರ ಸಾಕು.

ಖುಷಿಗೆ ಮಾಡುವ ಅಚ್ಚಿಗೆ ಇಷ್ಟು ಭಾರವೇಕೆ ಎಂದು ಕೇಳಬಹುದು. ಖುಷಿಗಾದರೆ ಬೇಡ. ಆದರೆ ಕೆಳಗೆ 'ಮಲೆನಾಡು' ಎಂದು ಹೆಸರು ಬರೆದ ಮೇಲೆ ಅಲ್ಲಿನ ಎಲೆಗೆ ಆದದ್ದನ್ನು ಒರೆಸಿಹಾಕುವಂತಿಲ್ಲ. ರೋಗವನ್ನೂ ಚೆಂದದ ವಿನ್ಯಾಸವಾಗಿ ಮಾರುವ ಅಪಾಯವಿದೆ, ನಿಜ. ಅದಕ್ಕೇ ಪ್ರತಿ ಹೊಸ ಪದರಕ್ಕೂ ಒಂದೇ ಪ್ರಶ್ನೆ ಕೇಳಬೇಕು: ಇದು ಕೆಳಗಿನದನ್ನು ಕಾಣಿಸುತ್ತಿದೆಯೇ, ಅಡಗಿಸುತ್ತಿದೆಯೇ?