ದಮ್ಮಿಗೆ ಸೂಜಿ: ಎಷ್ಟು ನೆಚ್ಚಬಹುದು?

ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಗೆ ಬರವಿಲ್ಲ. ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್‌ಗೆ ಹಗಲಿರುಳೂ ಸೌದೆ ಹಾಕಬೇಕು. ಅಡುಗೆಮನೆಯ ಒಲೆಗಂತೂ ವರ್ಷವಿಡೀ ಬಿಡುವಿಲ್ಲ. ಬೀಡಿಯ ಹೊಗೆ ಬೇರೆ. ಈ ಸೀಮೆ ಇರುವ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಲೆಯ ಮುಂದೆ ದಿನಕ್ಕೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ನೋಡಿತು. ಮೊತ್ತ 60 ಮುಟ್ಟಿದರೆ ಕ್ರಾನಿಕ್ ಬ್ರಾಂಕೈಟಿಸ್‌ನ (ದೀರ್ಘಕಾಲ ಕಾಡುವ ಕೆಮ್ಮು-ಕಫದ ರೋಗದ) ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತೇ ವರ್ಷ ಸಾಕು.

ಹೀಗೆ ಶ್ವಾಸಕೋಶ ಕೆಟ್ಟು ದಮ್ಮು ಹತ್ತಿದವರಿಗೆ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ ಆದೀತೇ? ಇದನ್ನು ತಳ್ಳಿಹಾಕುವಂತಿಲ್ಲ. ಜಪಾನಿನಲ್ಲಿ 68 ಸಿಒಪಿಡಿ (ಉಸಿರ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ರೋಗಿಗಳ ಮೇಲೆ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ನಿಜವಾದ ಸೂಜಿ, ಉಳಿದವರಿಗೆ ಚರ್ಮದೊಳಗೆ ಇಳಿಯದ ಹುಸಿ ಸೂಜಿ; ವಾರಕ್ಕೊಮ್ಮೆಯಂತೆ ಹನ್ನೆರಡು ವಾರ. ಆರು ನಿಮಿಷ ನಡೆದ ಮೇಲಿನ ಏದುಸಿರನ್ನು ಹತ್ತರ ಅಳತೆಯಲ್ಲಿ ಕೇಳಿದಾಗ, ನಿಜ ಸೂಜಿಯವರದು ಸರಾಸರಿ 5.5ರಿಂದ 1.9ಕ್ಕೆ ಇಳಿದಿತ್ತು. ಹುಸಿ ಸೂಜಿಯವರದು 4.2 ಇದ್ದದ್ದು 4.6 ಆಗಿತ್ತು.

ಈ ಇಳಿಕೆ ದೊಡ್ಡದು. ಆದರೆ ಎರಡು ಗುಂಪೂ ಒಂದೇ ಮಟ್ಟದಿಂದ ಹೊರಟಿರಲಿಲ್ಲ, ಜನ ಕಡಿಮೆ, ಚುಚ್ಚುವವರಿಗೆ ಯಾವ ಸೂಜಿ ಎಂಬುದು ಗೊತ್ತೇ ಇರುತ್ತದೆ. 2004ರ ಬ್ರಿಟಿಷ್ ಪ್ರಯೋಗವೊಂದರಲ್ಲಿ ಅಕ್ಯುಪಂಕ್ಚರ್ ಪಡೆದಾಗಲೂ ವಿದ್ಯುತ್ ಹರಿಯದ ಹುಸಿ ಯಂತ್ರ ಕಟ್ಟಿಸಿಕೊಂಡಾಗಲೂ ರೋಗಿಗಳ ದಮ್ಮು ಒಂದೇ ತೆರನಾಗಿ ಹಗುರಾಯಿತು. ಆರೈಕೆ, ಭರವಸೆಗಳ ಪಾಲನ್ನು ಸೂಜಿಯ ಲೆಕ್ಕಕ್ಕೆ ಬರೆಯಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಜಪಾನಿನ ರೋಗಿಗಳು ತಮ್ಮ ಔಷಧ ನಿಲ್ಲಿಸಿರಲಿಲ್ಲ. ನಮ್ಮಲ್ಲಾದರೋ ಇನ್‌ಹೇಲರ್ ಚಟವಾಗುತ್ತದೆಂದು ಹೆದರಿ ಬಿಟ್ಟು, ಬೇರೆ ದಾರಿ ಹುಡುಕುವವರಿದ್ದಾರೆ. ಸೂಜಿ ಆ ದಾರಿಯಾದರೆ ಅದು ಅಪಾಯ. ಹಾಳಾದ ಗಾಳಿಚೀಲಗಳನ್ನು ಅದು ಮರಳಿ ಕೊಡುವುದಿಲ್ಲ. ಉಬ್ಬಿದ ಶ್ವಾಸಕೋಶದವರ ಎದೆಗೆ ಸೂಜಿ ಆಳವಾಗಿ ಇಳಿದರೆ ಗಾಳಿ ಸೋರಿ ಶ್ವಾಸಕೋಶವೇ ಕುಸಿಯಬಹುದು.

ಆದ್ದರಿಂದ ನನ್ನ ತೀರ್ಮಾನ: ಮೊದಲು ಸ್ಪೈರೋಮೆಟ್ರಿ (ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ), ಸರಿಯಾಗಿ ಎಳೆಯಲು ಕಲಿತ ಇನ್‌ಹೇಲರ್, ಹೊಗೆಯಿಂದ ಬಿಡುಗಡೆ, ದಿನವೂ ನಡಿಗೆ ಮತ್ತು ಉಸಿರಿನ ವ್ಯಾಯಾಮ. ಆಮೇಲೂ ಏದುಸಿರು ಕಾಡಿದರೆ, ತರಬೇತಿ ಪಡೆದ ಕೈಯಲ್ಲಿ ಸೂಜಿ ಜೊತೆಗಿರಲಿ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜೂ ಇದೆ, ವೈದ್ಯಕೀಯ ಕಾಲೇಜುಗಳೂ ಇವೆ. ಅವು ಕೂಡಿ, ಒಲೆಯ ಹೊಗೆ ಕುಡಿದ ನಮ್ಮ ಹೆಂಗಸರಿಗೇ ಈ ಚಿಕಿತ್ಸೆ ಎಷ್ಟು ಒದಗುತ್ತದೆಂದು ಪರೀಕ್ಷಿಸಬೇಕು.