ತಾರಸಿಯ ಬೀಟ್‌ರೂಟ್: ಗಡ್ಡೆಗಿಂತ ಸೊಪ್ಪೇ ಮೇಲು

ಬೆಂಗಳೂರಿನ ಬಾಪೂಜಿ ನಗರದಲ್ಲಿ ಕೈತೋಟ ಅಂದರೆ ತಾರಸಿಯೇ. ಗೋಡೆಗೆ ಗೋಡೆ ತಾಗಿದ ಮನೆಗಳು. ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ಬಿಸಿಲು ಬೀಳುವ ಕಡೆ ಗ್ರೋ ಬ್ಯಾಗ್ ಇಡಬೇಕು. ಡಾ. ಬಿ.ಎನ್. ವಿಶ್ವನಾಥ್ ಅಂಥವರು ಬೆಂಗಳೂರಿಗೆ ಹಚ್ಚಿದ ಈ ತಾರಸಿ ಕೃಷಿಯ ಹುಚ್ಚಿನಲ್ಲಿ ಬೀಟ್‌ರೂಟಿಗೂ ಒಂದು ಜಾಗ ಸಿಕ್ಕಿದೆ. ಅದಕ್ಕೆ ಆ ಯೋಗ್ಯತೆ ಇದೆಯೇ?

ಹವೆಯ ತಕರಾರಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ತಂಪು ಬಯಸುವ ಈ ಗಿಡಕ್ಕೆ ಒಗ್ಗುತ್ತದೆ. ಏಪ್ರಿಲ್ ಬಿಸಿಲಿಗೆ ಸಿಕ್ಕಿದರೆ ಮಾತ್ರ ಗಡ್ಡೆ ಕೊಯ್ದಾಗ ಒಳಗೆ ಬಿಳಿ ಬಳೆಗಳು ಕಾಣುತ್ತವೆ.

ತೊಡಕಿರುವುದು ಬೀಜದಲ್ಲಿ. ‘ಡೆಟ್ರಾಯಿಟ್ ಡಾರ್ಕ್ ರೆಡ್’ ಪೊಟ್ಟಣ ಒಡೆದು ಅಂಗೈಗೆ ಸುರಿದುಕೊಳ್ಳಿ: ಒರಟು, ಕಂದು, ಮುದುಡಿದ ಕಾಳು. ಅದು ಒಂದು ಬೀಜವಲ್ಲ, ಎರಡು ಮೂರು ಬೀಜಗಳು ಅಂಟಿಕೊಂಡ ಗೊಂಚಲು. ರಾತ್ರಿ ನೆನೆಸಿ ಅರ್ಧ ಇಂಚು ಆಳಕ್ಕೆ ಊರಿದರೆ ವಾರ, ಹತ್ತು ದಿನದಲ್ಲಿ ಕೆಂಪು ಕಾಂಡದ ಸಸಿಗಳು ಒಂದೇ ಕಡೆ ಗುಂಪಾಗಿ ಏಳುತ್ತವೆ. ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯದಿದ್ದರೆ ಯಾವುದೂ ಸರಿಯಾಗಿ ಗಡ್ಡೆ ಕಟ್ಟುವುದಿಲ್ಲ. ತಾರಸಿ ತೋಟಗಾರರು ಎಡವುವುದು ಇಲ್ಲೇ. ಮೊಳೆತದ್ದನ್ನು ಕೀಳಲು ಕೈ ಬರುವುದಿಲ್ಲ. ಮೇಲಿಂದ ಪ್ರೀತಿಗೆ ಬುಟ್ಟಿಗಟ್ಟಲೆ ಗೊಬ್ಬರ! ಸಾರಜನಕ ಹೆಚ್ಚಾಗಿ ಎಲೆ ಆಳೆತ್ತರ, ಬುಡದಲ್ಲಿ ಇಲಿ ಬಾಲ.

ಎಲ್ಲ ಸರಿಯಾಗಿ ಮಾಡಿದರೂ ಎರಡು ತಿಂಗಳು ಕಾದದ್ದಕ್ಕೆ ಒಂದು ಸಸಿಗೆ ಸಿಗುವುದು ಒಂದೇ ಗಡ್ಡೆ. ಅಷ್ಟೇ ಜಾಗದಲ್ಲಿ ಬದನೆ ತಿಂಗಳುಗಟ್ಟಲೆ ಬಿಡುತ್ತದೆ. ‘ನಮ್ಮ ಬೀಜ ನಮ್ಮದೇ’ ಎನ್ನುವ ಹೆಮ್ಮೆಗೂ ಇಲ್ಲಿ ಎಡೆಯಿಲ್ಲ. ಬೀಟ್‌ರೂಟ್ ಹೂ ಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಅವರೆ, ಹೀರೆಯ ಹಾಗೆ ಬೀಜ ಒಣಗಿಸಿ ಡಬ್ಬಿಗೆ ಹಾಕುವಂತಿಲ್ಲ, ಪ್ರತಿ ಸಲವೂ ಅಂಗಡಿಯೇ ಗತಿ.

ಹಾಗಾದರೂ ಬಿಡಬೇಡಿ ಎನ್ನುತ್ತೇನೆ, ಸೊಪ್ಪಿಗಾಗಿ. ದಂಟು, ಪಾಲಕ್‌ಗಳ ಕುಟುಂಬದ ಗಿಡವಿದು. ಮಾರುಕಟ್ಟೆಗೆ ಬರುವಷ್ಟರಲ್ಲಿ ಇದರ ಎಲೆ ಬಾಡಿರುತ್ತದೆ, ಇಲ್ಲವೇ ಕತ್ತರಿಸಿ ಎಸೆದಿರುತ್ತಾರೆ. ಒತ್ತಾಗಿಯೇ ಬಿತ್ತಿ. ನಾಲ್ಕು ಬೆರಳೆತ್ತರದ ಎಳೆ ಸಸಿಗಳನ್ನು ಆಗಾಗ ಕಿತ್ತು, ತೊಗರಿಬೇಳೆ ಜೊತೆ ಬೇಯಿಸಿ ಬಸಿದರೆ ಬಸ್ಸಾರು, ಬಸಿದು ಉಳಿದದ್ದಕ್ಕೆ ಕಾಯಿತುರಿ ಹಾಕಿದರೆ ಪಲ್ಯ. ಚೀಲಕ್ಕೆ ಮೂರೋ ನಾಲ್ಕೋ ಗಿಡ ಉಳಿದಾಗ ಅವು ಗಡ್ಡೆ ಕಟ್ಟಲಿ. ಕಟ್ಟದಿದ್ದರೆ ಹಾಪ್‌ಕಾಮ್ಸ್ ಮಳಿಗೆ ಇದ್ದೇ ಇದೆ.